ಗೋಡೆಯ ಮೇಲಿರುವ ಗಿಟಾರನ್ನು ಮೊದಲು ಇಳಿಸಿರಿ

(ಗೂಡಲೂರು ಕಡೆಯ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಭಾನುವಾರದ ಆರಾಧನೆಯ ನಂತರ ಆಡಿದ ಮಾತುಗಳು)



ಈ ಕೂಟದಲ್ಲಿ ನಾವು ಸಾಮಾನ್ಯವಾಗಿ ಮಾತಾಡುವುದು ಕೂಲಿಯ ಬಗ್ಗೆ, ಬೋನಸ್ಸಿನ ಬಗ್ಗೆ, ಪಿ.ಎಫ್. ಹಣ ಸರಿಯಾಗಿ ಕಟ್ಟಿದ್ದಾರೆಯೇ ಎಂಬುದರ ಬಗ್ಗೆ, ಲೈನ್ ಮನೆಗಳ ಸೋರುವ ಮಾಡಿನ ಬಗ್ಗೆ. ಇಂದು ಗಿಟಾರಿನ ಬಗ್ಗೆ ಮಾತಾಡಬೇಕೆಂದು ನಿಂತಿದ್ದೇವೆ. ಸಂಘದ ಕೆಲಸಕ್ಕೂ ಗಿಟಾರಿಗೂ ಏನು ನಂಟು ಎಂದು ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರು ನಗುವುದು ನಮಗೆ ಕಾಣುತ್ತಿದೆ. ನಂಟು ಇದೆ, ಹೇಳುತ್ತೇವೆ.

ನಮ್ಮ ಗಾಯನ ಮಂಡಳಿಯ ಯುವಕರು ಒಂದು ಮನವಿ ಕೊಟ್ಟಿದ್ದಾರೆ. ಈಗಿರುವ ಗಿಟಾರು ಹಳೆಯದಾಯಿತು, ಸದ್ದು ಸತ್ತಿದೆ, ಕ್ರಿಸ್ಮಸ್ಸಿನ ಒಳಗೆ ಇಪ್ಪತ್ತೈದು ಸಾವಿರ ರೂಪಾಯಿಯ ಹೊಸ ಗಿಟಾರು ಬೇಕು. ಕೂಟದ ನಿಧಿಯಿಂದ ಮುಂಗಡ ಕೊಟ್ಟರೆ ಉಳಿದದ್ದನ್ನು ತಾವೇ ಕಂತಿನಲ್ಲಿ ಕಟ್ಟುತ್ತಾರಂತೆ. ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಹಾಡುವ ಮಕ್ಕಳು ಕೇಳುತ್ತಾರೆ, ಕೇಳಬೇಕು. ಆದರೆ ಆ ನಿಧಿ ಯಾರದು? ಆಸ್ಪತ್ರೆಗೆ ಓಡುವಾಗ, ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕ ಕೊಳ್ಳುವಾಗ ಬಡ್ಡಿಯವನ ಮನೆಗೆ ಹೋಗಬಾರದೆಂದು ತಾಯಂದಿರು ವಾರವಾರ ಕಟ್ಟಿದ ದುಡ್ಡು ಅದು. ಆದಕಾರಣ ಹೌದು ಎನ್ನುವ ಮೊದಲು, ಇಲ್ಲ ಎನ್ನುವ ಮೊದಲು, ವಿಷಯವನ್ನು ಎಲ್ಲರ ಮುಂದೆ ಬಿಡಿಸಿ ನೋಡೋಣ ಎಂದುಕೊಂಡೆವು.

ಮೊದಲು ಒಂದು ಲೆಕ್ಕ. ಇಪ್ಪತ್ತೈದು ಸಾವಿರವನ್ನು ನಿಮ್ಮ ದಿನಗೂಲಿಯಿಂದ ಭಾಗಿಸಿರಿ. ಬಂದ ಉತ್ತರ ರೂಪಾಯಿಯಲ್ಲ, ದಿನಗಳು. ಅಷ್ಟು ದಿನ ನಿಮ್ಮ ತಾಯಿ ಬೆಳಿಗ್ಗೆ ಮಂಜಿನಲ್ಲಿ ಬುಟ್ಟಿ ಹೊತ್ತು ಹೊರಡಬೇಕು, ಮತ್ತು ಆ ದಿನಗಳಲ್ಲಿ ಮನೆಯವರು ಯಾರೂ ಊಟ ಮಾಡಬಾರದು. ಊಟವನ್ನೂ ಮಾಡುತ್ತೇವೆ ಎನ್ನುವುದಾದರೆ ದಿನಗಳು ಎರಡು ಪಾಲು, ಮೂರು ಪಾಲು ಆಗುತ್ತವೆ. ಈ ಲೆಕ್ಕವನ್ನು ಯಾವ ಅಂಗಡಿಯ ಚೀಟಿಯಲ್ಲೂ ಬರೆದಿರುವುದಿಲ್ಲ. ಅಲ್ಲಿ ತಿಂಗಳಿಗೆ ಇಷ್ಟೇ ಎಂದು ಮಾತ್ರ ಬರೆದಿರುತ್ತದೆ.

ಪಕ್ಕದ ತೋಟವೊಂದರಲ್ಲಿ ನಡೆದದ್ದನ್ನು ನಾವು ಹತ್ತಿರದಿಂದ ಬಲ್ಲೆವು. ಹುಡುಗ ಒಳ್ಳೆಯವನು, ಕೈಯಲ್ಲಿ ಕಲೆ ಇದೆ. ಕಂತಿನ ಮೇಲೆ ಒಂದು ಗಿಟಾರು ತಂದ. ಎಲೆ ಹೇರಳವಾಗಿದ್ದ ತಿಂಗಳುಗಳಲ್ಲಿ ಕಂತು ಸರಾಗವಾಗಿ ಹೋಯಿತು. ಜನವರಿ ಬಂತು. ಹಿಮ ಬಿದ್ದು ಚಿಗುರು ಸುಟ್ಟಿತು, ಹೆಚ್ಚುವರಿ ಕಿಲೋದ ದುಡ್ಡು ನಿಂತಿತು. ಕಂತು ಮಾತ್ರ ನಿಲ್ಲಲಿಲ್ಲ. ಮಾರ್ಚ್ ಹೊತ್ತಿಗೆ ತಾಯಿಯ ಓಲೆ ಅಡವಿಗೆ ಹೋಯಿತು. ಕೊನೆಗೆ ಗಿಟಾರನ್ನು ಅರ್ಧ ಬೆಲೆಗೆ ಮಾರಿದರು, ಕಂತು ಇನ್ನೂ ಬಾಕಿ ಇತ್ತು. ಅವನ ಅಪ್ಪ ಬಹಳ ವರ್ಷಗಳ ಹಿಂದೆ ತಂದಿದ್ದ ಗಿಟಾರು ಅದೇ ಮನೆಯ ಗೋಡೆಯ ಮೇಲೆ, ತಂತಿ ತುಕ್ಕು ಹಿಡಿದು ನೇತಾಡುತ್ತಲೇ ಇತ್ತು. ಅದನ್ನು ಇಳಿಸಿ ನೋಡೋಣ ಎಂದು ಯಾರಿಗೂ ತೋಚಲಿಲ್ಲ. ಹುಡುಗನನ್ನು ದೂರಲು ಇದನ್ನು ಹೇಳುತ್ತಿಲ್ಲ. ತೋರಿಸಿಕೊಡುವವರು ಇರಲಿಲ್ಲ, ಅಷ್ಟೇ.

ಇಂತಹ ಗಿಟಾರುಗಳು ನಮ್ಮ ಲೈನುಗಳಲ್ಲಿ ಎಷ್ಟಿವೆ ಎಂದು ಎಣಿಸಿರಿ. ಕಲ್ಕತ್ತೆಯಲ್ಲಿ ತಯಾರಾದ ಗಿವ್ಸನ್, ಹಾಬ್ನರ್ ಮುಂತಾದವು. ಹೆಸರೇ ಅಳಿಸಿಹೋದವು ಕೆಲವು. ಮಕ್ಕಳು ಸ್ಟಿಕರ್ ಅಂಟಿಸಿದವು ಕೆಲವು. ಇವೆಲ್ಲ ಕೆಟ್ಟವು ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಆದರೆ ಗಿಟಾರಿನ ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದೆ ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು ಎಂದು ಹೇಳುವುದು ಹೇಗೆ?

ಒಂದು ತಂತಿಯನ್ನು ಎರಡು ಮೊಳೆಗಳ ನಡುವೆ ಬಿಗಿದು ಮೀಟಿ ನೋಡಿರಿ. ಸದ್ದು ಕೇಳಿಸುವುದೇ ಕಷ್ಟ. ಅದೇ ತಂತಿ ಗಿಟಾರಿನ ಮೇಲಿದ್ದರೆ, ಅದರ ನಡುಕ ತಂತಿ ಕಟ್ಟುವ ಮರದ ಪಟ್ಟಿಯ ಮೂಲಕ ಮುಂದಿನ ಹಲಗೆಗೆ ಇಳಿಯುತ್ತದೆ. ಆ ತೆಳ್ಳಗಿನ ಹಲಗೆ ನಡುಗಿ ಗಾಳಿಯನ್ನು ಅಲುಗಿಸುತ್ತದೆ, ಒಳಗಿನ ಗಾಳಿಯೂ ಸೇರಿ ಮಾತಾಡುತ್ತದೆ. ಕೆಲಸ ಮಾಡುವುದರಲ್ಲಿ ಮುಕ್ಕಾಲು ಪಾಲು ಆ ಮುಂದಿನ ಹಲಗೆ, ಅದರ ಒಳಗಿನ ಅಡ್ಡಪಟ್ಟಿಗಳು ಮತ್ತು ತಂತಿ. ಹಿಂಭಾಗ, ಪಕ್ಕದ ಮರಗಳ ಪಾಲು ನಾವು ನೆನೆಸುವಷ್ಟು ದೊಡ್ಡದಲ್ಲ.

ಇದನ್ನು ನೂರೈವತ್ತು ವರ್ಷಗಳಿಗೂ ಹಿಂದೆಯೇ ಒಬ್ಬರು ತೋರಿಸಿದ್ದಾರೆ. ಸ್ಪೇನ್ ದೇಶದ ಆಂಟೋನಿಯೊ ದೆ ತೋರೆಸ್ ಎಂಬ ಗಿಟಾರು ತಯಾರಕರು 1862ರಲ್ಲಿ ಒಂದು ಗಿಟಾರು ಮಾಡಿದರು. ಮುಂದಿನ ಹಲಗೆ ಒಳ್ಳೆಯ ಮರದ್ದು. ಹಿಂಭಾಗ ಮತ್ತು ಪಕ್ಕಗಳು ಬರೀ ಕಾಗದದ ರಟ್ಟು! ಸ್ವರದ ಮೂಲ ಮುಂದಿನ ಹಲಗೆಯಲ್ಲಿದೆ ಎಂದು ತೋರಿಸುವುದಕ್ಕಾಗಿಯೇ ಅವರು ಹಾಗೆ ಮಾಡಿದ್ದು. ಆ ರಟ್ಟಿನ ಗಿಟಾರು ಇಂದಿಗೂ ಬಾರ್ಸಿಲೋನಾ ನಗರದ ಸಂಗೀತ ವಸ್ತು ಸಂಗ್ರಹಾಲಯದಲ್ಲಿದೆ.

ಅದು ಹಳೆಯ ಕಾಲದ ಮಾತು ಎನ್ನಬಹುದು. ಈಚಿನದನ್ನು ಕೇಳಿರಿ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ನಡೆಸಿದ ಒಂದು ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ರಾಜರ್ ಬಕ್ನಲ್ ಎಂಬ ನುರಿತ ತಯಾರಕರಿಂದ ಆರು ಗಿಟಾರುಗಳನ್ನು ಮಾಡಿಸಿದರು. ಆರೂ ಒಂದೇ ಅಳತೆ, ಮುಂದಿನ ಹಲಗೆಯೂ ಒಂದೇ ಜಾತಿಯ ಮರ. ಹಿಂಭಾಗ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ: ಬಹಳ ಬೆಲೆಬಾಳುವ ಬ್ರೆಜಿಲ್ ರೋಸ್‌ವುಡ್, ಭಾರತದ ರೋಸ್‌ವುಡ್, ಮಹಾಗನಿ, ಮೇಪಲ್, ವಾಲ್‌ನಟ್, ಸಪೇಲೆ. 52 ಮಂದಿ ಗಿಟಾರು ವಾದಕರನ್ನು ಕರೆದು, ಮರದ ಬಣ್ಣ ಕಾಣದಂತೆ ಮಬ್ಬು ಬೆಳಕಿನಲ್ಲಿ ಕೂರಿಸಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿಸಿ, ಒಂದೊಂದಾಗಿ ನುಡಿಸಲು ಹೇಳಿದರು. ಎಲ್ಲ ಗಿಟಾರುಗಳಿಗೂ ಅವರು ಕೊಟ್ಟ ಅಂಕ ಹೆಚ್ಚು ಕಡಿಮೆ ಒಂದೇ. ಬೆಲೆಯುಳ್ಳ ಮರ ಯಾವುದು, ಸಾಧಾರಣ ಮರ ಯಾವುದು ಎಂದು ಕಿವಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿದ ಕೂಡಲೇ ಬೆಲೆಯೂ ಮುಚ್ಚಿಹೋಯಿತು.

ಆ ಪಟ್ಟಿಯಲ್ಲಿ ಭಾರತದ ರೋಸ್‌ವುಡ್ ಎಂದೆವಲ್ಲ, ಅದು ಯಾವ ಮರ ಗೊತ್ತೇ? ನಮ್ಮ ಬೀಟೆ. ವಯನಾಡಿನ ಕಡೆಯವರು ಈಟ್ಟಿ ಎನ್ನುತ್ತಾರಲ್ಲ, ಅದೇ. ಬ್ರೆಜಿಲಿನ ಮರ ಸಿಗುವುದು ಕಷ್ಟವಾದ ಮೇಲೆ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರ ಕೊನೆಯ ಹೊತ್ತಿಗೆ ಬೀಟೆಯನ್ನು ಬಳಸತೊಡಗಿತು. ಉಳಿದ ತಯಾರಕರೂ ಅದೇ ದಾರಿ ಹಿಡಿದರು. ದಕ್ಷಿಣದ ಈ ಬೆಟ್ಟಗಳಲ್ಲಿ, ಕಾಫಿ ತೋಟಗಳ ನೆರಳಿನ ಮರಗಳ ನಡುವೆ ಬೆಳೆಯುವ ಮರ ಅದು. ನಮ್ಮ ಅಜ್ಜ ಅಜ್ಜಿಯರು ಅದರ ಬುಡದಲ್ಲಿ ಕಳೆ ತೆಗೆದಿದ್ದಾರೆ, ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದಾರೆ. ಈಗ ಅದೇ ಮರದ ತೆಳು ಹಲಗೆಯನ್ನು ಹೊರದೇಶದ ಹೆಸರಿನೊಂದಿಗೆ ಅಂಗಡಿಯ ಗಾಜಿನ ಹಿಂದೆ ಕಂಡಾಗ ನಮಗೆ ಬೆರಗಾಗುತ್ತದೆ. ಮರ ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕಾಗಿ ಅಮ್ಮನ ಓಲೆ ಅಡವಿಡಬೇಕಾಗಿಲ್ಲ.

ಹಾಗಾದರೆ ದುಬಾರಿ ಗಿಟಾರಿಗೂ ಅಗ್ಗದ ಗಿಟಾರಿಗೂ ಭೇದವೇ ಇಲ್ಲವೇ? ಇದೆ. ಸುಳ್ಳು ಹೇಳಬಾರದು. ದುಬಾರಿಯದರ ಮುಂದಿನ ಹಲಗೆ ಇಡೀ ಮರದಿಂದ ಸೀಳಿದ್ದು, ಅಗ್ಗದ್ದರದು ಪ್ಲೈವುಡ್. ಇಡೀ ಮರದ ಹಲಗೆ ಸುಲಭವಾಗಿ ನಡುಗುತ್ತದೆ, ಸ್ವರ ತುಂಬಿ ಬರುತ್ತದೆ. ಕೆಲಸ ನಯವಾಗಿರುತ್ತದೆ, ಬಿರಡೆಗಳು ಗಟ್ಟಿಯಾಗಿ ನಿಲ್ಲುತ್ತವೆ. ಆದರೆ ಅದಕ್ಕೆ ಒಂದು ಕರಾರು ಉಂಟು. ಇಡೀ ಮರದ ಗಿಟಾರಿಗೆ ಗಾಳಿಯ ತೇವ ನೂರಕ್ಕೆ 45ರಿಂದ 55ರಷ್ಟು ಇರಬೇಕು ಎಂದು ತಯಾರಕರೇ ಹೇಳುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮನೆಗಳನ್ನು ನೆನೆಯಿರಿ. ಉಪ್ಪು ನೀರಾಗುತ್ತದೆ, ಒಗೆದ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅಂತಹ ತೇವದಲ್ಲಿ ಇಡೀ ಮರ ನೀರು ಕುಡಿದು ಉಬ್ಬುತ್ತದೆ, ಹಲಗೆ ಮೇಲೇಳುತ್ತದೆ, ತಂತಿಗಳು ಎತ್ತರವಾಗುತ್ತವೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡಬಹುದು. ಪ್ಲೈವುಡ್ಡಿನ ಪದರಗಳನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸಿರುವುದರಿಂದ ಅದು ಅಷ್ಟು ಸುಲಭವಾಗಿ ಉಬ್ಬುವುದೂ ಇಲ್ಲ, ಬಿರಿಯುವುದೂ ಇಲ್ಲ. ನಾವು ಕೀಳಾಗಿ ಕಾಣುವ ಆ ಪ್ಲೈವುಡ್ ಗಿಟಾರು ಲೈನ್ ಮನೆಯ ಮಳೆಗಾಲವನ್ನು ಹತ್ತಾರು ಸಲ ದಾಟಿ ಬಂದಿದೆ. ಅಷ್ಟರಮಟ್ಟಿಗೆ ಅದು ನಮ್ಮೂರಿಗೆ ಹೊಂದಿದ ಗಿಟಾರು.

ಇನ್ನು ಯುವಕರು ಹೇಳುವ ಮಾತಿಗೆ ಬರೋಣ. "ಉಪದೇಶಿಗಳೇ, ನೀವು ಹೇಳುವುದು ಸರಿ, ಆದರೆ ಆ ಗಿಟಾರು ನುಡಿಸಿದರೆ ಬೆರಳು ಕಿತ್ತುಬರುತ್ತದೆ, ಶ್ರುತಿ ನಿಲ್ಲುವುದಿಲ್ಲ, ತಗಡು ಬಡಿದ ಹಾಗೆ ಕೇಳುತ್ತದೆ" ಎನ್ನುತ್ತಾರೆ. ನಿಜ. ಈ ಮೂರೂ ದೂರುಗಳು ನ್ಯಾಯವಾದವು. ಆದರೆ ಬಹುಪಾಲು ಗಿಟಾರುಗಳಲ್ಲಿ ಈ ಮೂರಕ್ಕೂ ಮದ್ದು ಕೆಲವು ನೂರು ರೂಪಾಯಿಯೊಳಗೆ ಇದೆ. ಒಂದೊಂದಾಗಿ ಹೇಳುತ್ತೇವೆ, ಮನೆಗೆ ಹೋಗಿ ನೋಡಿರಿ.

ಮೊದಲನೆಯದು ತಂತಿ. ತಗಡಿನ ಸದ್ದು ಬರುವುದು ಹೆಚ್ಚಾಗಿ ಸತ್ತ ತಂತಿಯಿಂದ. ಬೆವರು, ಎಣ್ಣೆ, ತುಕ್ಕು ಸೇರಿದ ತಂತಿ ಸರಿಯಾಗಿ ನಡುಗುವುದಿಲ್ಲ, ಶ್ರುತಿಯೂ ಸೇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಗಿಟಾರು ತಂದ ದಿನದ ತಂತಿಯೇ ಇಂದಿಗೂ ಇದೆ. ಆರು ತಂತಿಗಳ ಒಂದು ಹೊಸ ಜೊತೆ ಹಾಕಿ ನುಡಿಸಿರಿ, ಗಿಟಾರೇ ಬದಲಾದಂತೆ ಕೇಳುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒಂದೊಂದು ತಂತಿಯನ್ನೂ ಒರೆಸಿರಿ. ಎಲೆ ಕಿತ್ತು ಬಂದ ಕೈಯಾದರೆ ಮೊದಲು ಸೋಪಿನಲ್ಲಿ ತೊಳೆದು ಮುಟ್ಟಿರಿ.

ತಂತಿ ಕೊಳ್ಳುವಾಗ ಒಂದು ಎಚ್ಚರ ಬೇಕು. ಕುತ್ತಿಗೆ ಅಗಲವಾಗಿದ್ದು, ಕೆಳಗಿನ ಮೂರು ತಂತಿ ನೈಲಾನಿನದಾಗಿದ್ದರೆ ಅದಕ್ಕೆ ನೈಲಾನ್ ತಂತಿಯನ್ನೇ ಹಾಕಬೇಕು. ಉಕ್ಕಿನ ತಂತಿಗಳ ಒಂದು ಜೊತೆ ಗಿಟಾರನ್ನು ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತದೆ, ನೈಲಾನಿನದು ಸುಮಾರು 40 ಕಿಲೋ. ನೈಲಾನಿನ ಗಿಟಾರಿಗೆ ಉಕ್ಕು ಬಿಗಿದರೆ ತಂತಿ ಕಟ್ಟುವ ಪಟ್ಟಿ ಕಿತ್ತು ಬರುತ್ತದೆ. ಉಕ್ಕಿನ ತಂತಿಯ ಹಳೆಯ ಗಿಟಾರುಗಳಿಗೂ ಅಂಗಡಿಯಲ್ಲಿ ಅತಿ ತೆಳುವಾದ ಜೊತೆಯನ್ನೇ ಕೇಳಿರಿ. ಅದರ ಎಳೆತ ಸುಮಾರು ಹತ್ತು ಕಿಲೋ ಕಡಿಮೆ. ಮುದಿ ಕುತ್ತಿಗೆಗೂ ಸುಖ, ಎಳೆಯ ಬೆರಳಿಗೂ ಸುಖ.

ಎರಡನೆಯದು ತಂತಿಯ ಎತ್ತರ. ನಮ್ಮ ಮಕ್ಕಳು ಗಿಟಾರು ಬಿಟ್ಟುಬಿಡುವುದಕ್ಕೆ ದೊಡ್ಡ ಕಾರಣ ಇದೇ. ಹನ್ನೆರಡನೆಯ ಫ್ರೆಟ್ಟಿನ ಮೇಲೆ, ಫ್ರೆಟ್ಟಿಗೂ ತಂತಿಗೂ ಎಷ್ಟು ಸಂದು ಇದೆ ಎಂದು ಅಳೆಯಿರಿ. ಅಂಚಿನಿಂದಲೇ ಗೆರೆ ಶುರುವಾಗುವ ಉಕ್ಕಿನ ಅಳತೆಪಟ್ಟಿ ಬಡಗಿಯ ಬಳಿ ಇರುತ್ತದೆ. ಉಕ್ಕಿನ ತಂತಿಗೆ ಎರಡರಿಂದ ಮೂರು ಮಿಲಿಮೀಟರ್ ಇದ್ದರೆ ಒಳ್ಳೆಯದು, ನೈಲಾನಿಗೆ ಇನ್ನೊಂದು ಹೆಚ್ಚಿದ್ದರೂ ಸರಿ. ಐದು ಇದ್ದರೆ ಯಾವ ಮಗುವೂ ಕಲಿಯಲಾರದು; ಒತ್ತಿದಾಗ ತಂತಿ ಹೆಚ್ಚು ಹಿಗ್ಗಿ ಸ್ವರವೂ ಏರುತ್ತದೆ.

ಇದಕ್ಕೆ ಉಪಾಯ: ತಂತಿಗಳು ಕೂರುವ ಸಣ್ಣ ಬಿಳಿ ಪಟ್ಟಿಯನ್ನು ಹೊರಗೆ ತೆಗೆದು, ಗಾಜಿನ ಮೇಲೆ ಮರಳು ಕಾಗದ ಹಾಸಿ, ಅದರ ಅಡಿಭಾಗವನ್ನು ನೆಟ್ಟಗೆ ಹಿಡಿದು ಉಜ್ಜುವುದು. ಹನ್ನೆರಡನೆಯ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಪಟ್ಟಿಯಲ್ಲಿ ಒಂದು ಮಿಲಿಮೀಟರ್ ಇಳಿಸಬೇಕು. ಸ್ವಲ್ಪ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿರಿ. ಹೆಚ್ಚು ಉಜ್ಜಿದರೆ ತಂತಿ ಫ್ರೆಟ್ಟಿಗೆ ತಗುಲಿ ಝುಂಯ್ ಎನ್ನುತ್ತದೆ. ಹಾಗೆ ಆದರೂ ಗಾಬರಿ ಬೇಡ, ಹೊಸ ಪಟ್ಟಿ ದುಬಾರಿಯಲ್ಲ. ಕುತ್ತಿಗೆಯೇ ಬಾಗಿದ್ದರೆ ಮಾತ್ರ ತಿಳಿದವರ ಕೈಗೆ ಕೊಡಿರಿ. ಕೆಲವು ಗಿಟಾರುಗಳ ಕುತ್ತಿಗೆಯೊಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಅದನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗಬಹುದು. ಬಲವಂತ ಮಾಡಿದರೆ ಮುರಿಯುತ್ತದೆ.

ಮೂರನೆಯದು ಬಿರಡೆ. ಶ್ರುತಿ ನಿಲ್ಲದಿದ್ದರೆ ಬಿರಡೆಯ ಸ್ಕ್ರೂಗಳನ್ನು ಬಿಗಿ ಮಾಡಿರಿ, ಹಲ್ಲಿನ ಚಕ್ರಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿರಿ. ಹೊಸ ತಂತಿ ಎರಡು ಮೂರು ದಿನ ಹಿಗ್ಗುತ್ತಲೇ ಇರುತ್ತದೆ, ಆಗ ಮತ್ತೆ ಮತ್ತೆ ಶ್ರುತಿ ಮಾಡಬೇಕಾದದ್ದು ಸಹಜ. ಶ್ರುತಿ ನೋಡಲು ಈಗ ಮೊಬೈಲಿನಲ್ಲಿಯೇ ಬಿಟ್ಟಿಯಾಗಿ ಸಿಗುತ್ತದೆ. ಯಾರ ಗಿಟಾರಾದರೂ ಆಗಲಿ, ಶ್ರುತಿ ತಪ್ಪಿದರೆ ಅಗ್ಗದ್ದೇ.

ನಾಲ್ಕನೆಯದು ಇಡುವ ಜಾಗ. ಒಲೆಯ ಗೋಡೆಗೆ ನೇತುಹಾಕಬೇಡಿರಿ, ಹೊಗೆ ಮತ್ತು ಬಿಸಿ ಅಂಟನ್ನು ಸಡಿಲಿಸುತ್ತವೆ. ಮಳೆ ಬಡಿಯುವ ಹೊರಗೋಡೆಗೂ ಬೇಡ. ಒಳಗೋಡೆಗೆ, ನಡುವೆ ಒಂದು ಬಟ್ಟೆಯಿಟ್ಟು ತೂಗುಹಾಕಿರಿ. ತಂತಿ ಕಟ್ಟುವ ಪಟ್ಟಿಯ ಹಿಂಭಾಗದ ಕೆಳಗೆ ಒಂದು ಕಾಗದ ತೂರಿಸಿ ನೋಡಿರಿ. ಕಾಗದ ಒಳಗೆ ಹೋದರೆ ಪಟ್ಟಿ ಏಳುತ್ತಿದೆ ಎಂದರ್ಥ. ಕೂಡಲೇ ತಂತಿಗಳನ್ನೆಲ್ಲ ಸಡಿಲಿಸಿ ಬಡಗಿಗೆ ತೋರಿಸಿರಿ. ಹಳೆಯ ಅಂಟು ಕೆರೆದು, ಮರಗೆಲಸದ ಅಂಟು ಹಾಕಿ, ಪಟ್ಟು ಬಿಗಿದು ಒಂದು ದಿನ ಬಿಟ್ಟರೆ ನಿಲ್ಲುತ್ತದೆ. ಕ್ಷಣದಲ್ಲಿ ಹಿಡಿಯುವ ಟ್ಯೂಬಿನ ಅಂಟನ್ನು ಮಾತ್ರ ಸುರಿಯಬೇಡಿರಿ, ಮುಂದೆ ಯಾರೂ ಸರಿ ಮಾಡಲಾರರು.

"ದೇವಾಲಯದಲ್ಲಿ ಹಿಂದಿನವರಿಗೆ ಕೇಳಿಸುವುದಿಲ್ಲ" ಎಂಬುದು ಇನ್ನೊಂದು ದೂರು. ನಮ್ಮಲ್ಲಿ ಮೈಕು ಇದೆ. ಅದನ್ನು ಗಿಟಾರಿನ ತೂತಿನ ಎದುರು ಇಟ್ಟರೆ ಡೊಳ್ಳಿನಂತೆ ಗುಂಯ್‌ಗುಡುತ್ತದೆ. ಕುತ್ತಿಗೆ ಮೈಗೆ ಸೇರುವ ಕಡೆಗೆ, ಒಂದು ಗೇಣು ದೂರದಲ್ಲಿ ಇಡಿರಿ. ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವುದು ಬೆರಳು. ಇಲ್ಲಿ ನಮ್ಮಂತೆಯೇ ಕೂಲಿ ಮಾಡಿದ ಒಬ್ಬ ತಾಯಿಯ ವಿಷಯ ಹೇಳಬೇಕು. ಎಲಿಜಬೆತ್ ಕಾಟನ್ ಎಂದು ಹೆಸರು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಕಪ್ಪು ಜನರ ಬಡ ಮನೆಯಲ್ಲಿ 1893ರಲ್ಲಿ ಹುಟ್ಟಿದವರು. ಅಣ್ಣನ ಬ್ಯಾಂಜೊವನ್ನು ಅವನಿಲ್ಲದಾಗ ತೆಗೆದು ನುಡಿಸುತ್ತಿದ್ದರು. ಅಣ್ಣ ಮನೆ ಬಿಟ್ಟು ಹೋಗುವಾಗ ಅದೂ ಹೋಯಿತು. ಹುಡುಗಿ ಪರರ ಮನೆಗೆಲಸಕ್ಕೆ ಸೇರಿದಳು. ತಿಂಗಳ ಸಂಬಳ ಒಂದು ಡಾಲರಿನ ಆಸುಪಾಸು. ಅದನ್ನು ಕೂಡಿಟ್ಟು ಮೂರೂ ಮುಕ್ಕಾಲು ಡಾಲರಿಗೆ ಸ್ಟೆಲ್ಲಾ ಎಂಬ ಸಾಧಾರಣ ಗಿಟಾರು ಕೊಂಡಳು. ಎಡಗೈಯವಳು, ತಂತಿಗಳ ಕ್ರಮ ಬದಲಿಸದೆ ಗಿಟಾರನ್ನೇ ತಿರುಗಿಸಿ ಹಿಡಿದು, ಬೆರಳಿನಿಂದ ಮಂದ್ರದ ತಂತಿ, ಹೆಬ್ಬೆರಳಿನಿಂದ ರಾಗದ ತಂತಿ ಮೀಟುವುದನ್ನು ತಾನೇ ಕಲಿತಳು. ಹನ್ನೆರಡು ಹದಿಮೂರರ ವಯಸ್ಸಿನ ಹೊತ್ತಿಗೆ ಒಂದು ಗೂಡ್ಸ್ ರೈಲಿನ ಹಾಡು ಕಟ್ಟಿದಳು. 'ಫ್ರೈಟ್ ಟ್ರೇನ್' ಎಂಬ ಆ ಹಾಡು ಆಮೇಲೆ ದೇಶದೇಶಗಳಲ್ಲಿ ಹಾಡಲ್ಪಟ್ಟಿತು.

ಮದುವೆಯಾಯಿತು. ಸಭೆಯ ಹಿರಿಯರು ಲೋಕದ ಹಾಡುಗಳು ಬೇಡ ಎಂದರು, ಗಿಟಾರು ಮೂಲೆ ಸೇರಿತು. ಉಪದೇಶಿಯಾಗಿ ನಿಂತು ಇದನ್ನು ಹೇಳುವಾಗ ನಮಗೆ ಬೇಸರವಾಗುತ್ತದೆ, ಆದರೂ ನಡೆದದ್ದು ನಡೆದದ್ದೇ. ಹತ್ತಾರು ವರ್ಷ ಅವರು ಮನೆಗೆಲಸ ಮಾಡಿಯೇ ಬದುಕಿದರು. ವಾಷಿಂಗ್ಟನ್ ನಗರದ ಒಂದು ದೊಡ್ಡ ಅಂಗಡಿಯಲ್ಲಿ ತಪ್ಪಿಸಿಕೊಂಡಿದ್ದ ಪುಟ್ಟ ಹುಡುಗಿಯನ್ನು ತಾಯಿಗೆ ತಂದೊಪ್ಪಿಸಿದರು. ಅದು ಸೀಗರ್ ಎಂಬ ಸಂಗೀತಗಾರರ ಕುಟುಂಬ. ಆ ಮನೆಯಲ್ಲಿಯೇ ಅಡಿಗೆ ಕೆಲಸಕ್ಕೆ ಸೇರಿದರು. ಒಂದು ದಿನ ಅಲ್ಲಿ ಗೋಡೆಯ ಮೇಲಿದ್ದ ಗಿಟಾರನ್ನು ಇಳಿಸಿ ಮೀಟಿದರು. ನಲವತ್ತು ವರ್ಷಗಳಾದರೂ ಬೆರಳು ಮರೆತಿರಲಿಲ್ಲ. 1958ರಲ್ಲಿ ಅವರ ರೆಕಾರ್ಡು ಹೊರಬಂತು, ಆಗ ವಯಸ್ಸು ಅರವತ್ತು ದಾಟಿತ್ತು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. 1987ರಲ್ಲಿ ತೀರಿಕೊಂಡರು.

ಮುಂದೆ ಅವರು ಒಳ್ಳೆಯ ಮಾರ್ಟಿನ್ ಗಿಟಾರನ್ನೂ ನುಡಿಸಿದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಕೈಚಳಕ ಮೈಗೂಡಿದ್ದು ಮೂರೂ ಮುಕ್ಕಾಲು ಡಾಲರಿನ ಗಿಟಾರಿನ ಮೇಲೆ. ಇನ್ನೊಂದನ್ನೂ ಗಮನಿಸಿರಿ. ಆ ಮೂರೂ ಮುಕ್ಕಾಲು ಡಾಲರು ಆಕೆಗೆ ಸಣ್ಣ ಹಣವೇನಲ್ಲ, ಹೆಚ್ಚು ಕಡಿಮೆ ನಾಲ್ಕು ತಿಂಗಳ ದುಡಿಮೆ. ಆದರೆ ಮೊದಲು ಕೂಡಿಟ್ಟಳು, ಆಮೇಲೆ ಕೊಂಡಳು. ಕಂತಿನಲ್ಲಿ ಕೊಂಡಿದ್ದರೆ ಹಾಡು ಕಟ್ಟುವ ವಯಸ್ಸಿನಲ್ಲಿ ಕಂತು ಕಟ್ಟುತ್ತಿದ್ದಳು.

ಬಡವರಿಗಷ್ಟೇ ಈ ಮಾತು ಎಂದುಕೊಳ್ಳಬೇಡಿರಿ. ವಿಲ್ಲಿ ನೆಲ್ಸನ್ ಎಂಬ ಅಮೆರಿಕದ ಹೆಸರಾಂತ ಹಾಡುಗಾರರು 1969ರಲ್ಲಿ ಕೊಂಡ ಒಂದು ನೈಲಾನ್ ತಂತಿಯ ಮಾರ್ಟಿನ್ ಗಿಟಾರನ್ನೇ ಐವತ್ತು ವರ್ಷಕ್ಕೂ ಮೀರಿ ನುಡಿಸುತ್ತ ಬಂದರು. ಕೊಳ್ಳುವಾಗಲೂ ಅದು ಅಗ್ಗದ್ದಲ್ಲ, ಸರಿ. ಆದರೆ ಅವರು ಬಯಸಿದ್ದರೆ ವರ್ಷಕ್ಕೊಂದು ಹೊಸದು ಕೊಳ್ಳಬಹುದಿತ್ತು. ಮೀಟಿ ಮೀಟಿ ಮುಂದಿನ ಹಲಗೆಯಲ್ಲಿ ಇನ್ನೊಂದು ತೂತೇ ಬಿದ್ದಿದೆ. ಕುಶಲಕರ್ಮಿಯ ಕೈಯಲ್ಲಿ ಮತ್ತೆ ಮತ್ತೆ ಸರಿ ಮಾಡಿಸಿ ಅದನ್ನೇ ಹಿಡಿದರು. ಅದಕ್ಕೆ 'ಟ್ರಿಗರ್' ಎಂದು ಹೆಸರನ್ನೂ ಇಟ್ಟಿದ್ದಾರೆ. ನಮ್ಮವರು ಹಸುವಿಗೆ ಹೆಸರಿಡುವ ಹಾಗೆ.

ಹೊಸದನ್ನು ಎಂದೂ ಕೊಳ್ಳಬಾರದು ಎನ್ನುವುದಿಲ್ಲ. ಹಲಗೆ ಕುಸಿದಿದ್ದರೆ, ಕುತ್ತಿಗೆ ತಿರುಚಿಕೊಂಡಿದ್ದರೆ, ಹೊಸ ತಂತಿ ಹಾಕಿ ಎತ್ತರ ಸರಿಮಾಡಿದ ಮೇಲೂ ಹನ್ನೆರಡನೆಯ ಫ್ರೆಟ್ಟಿನ ಸ್ವರ ಬಿಟ್ಟ ತಂತಿಯ ಸ್ವರಕ್ಕೆ ಹೊಂದದಿದ್ದರೆ, ಆ ಗಿಟಾರಿನ ಆಯುಸ್ಸು ಮುಗಿದಿರಬಹುದು. ಮದುವೆ ಮನೆಗಳಲ್ಲಿ ನುಡಿಸಿ ನಾಲ್ಕು ಕಾಸು ಸಂಪಾದಿಸುವ ಹುಡುಗನಿಗೆ ಗಿಟಾರು ಕೆಲಸದ ಆಯುಧ, ಅವನ ಲೆಕ್ಕ ಬೇರೆ. ಆಗಲೂ ಮೊದಲು ಕೂಡಿಡುವುದು, ಬಳಸಿದ ಗಿಟಾರು ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕುವುದು, ಕೊನೆಗೆ ಅಂಗಡಿ.

ಕ್ರಿಸ್ಮಸ್ ಎಂದ ಕೂಡಲೇ ಇನ್ನೊಂದು ನೆನಪಾಗುತ್ತದೆ. ಮನೆಮನೆಗೆ ಹೋಗಿ ನಾವು ಹಾಡುವ 'ಸೈಲೆಂಟ್ ನೈಟ್' ಹಾಡನ್ನು ಮೊದಲ ಬಾರಿಗೆ 1818ರ ಕ್ರಿಸ್ಮಸ್ ಹಿಂದಿನ ರಾತ್ರಿ, ಆಸ್ಟ್ರಿಯಾ ದೇಶದ ಓಬರ್ನ್‌ಡಾರ್ಫ್ ಎಂಬ ಊರಿನ ದೇವಾಲಯದಲ್ಲಿ ಹಾಡಿದರು. ಹಾಡು ಬರೆದವರು ಅಲ್ಲಿಯ ಸಹಾಯಕ ಪಾದ್ರಿ ಯೋಸೆಫ್ ಮೋರ್. ಹೆಣಿಗೆ ಹೆಣೆದು ಬದುಕುತ್ತಿದ್ದ ಬಡ ತಾಯಿಯ ಮಗ. ರಾಗ ಹಾಕಿದವರು ಶಾಲಾ ಉಪಾಧ್ಯಾಯರಾದ ಫ್ರಾಂಟ್ಸ್ ಕ್ಸೇವರ್ ಗ್ರೂಬರ್. ಇಬ್ಬರ ಕಂಠ, ಜೊತೆಗೆ ಒಂದು ಗಿಟಾರು. ಮೋರ್ ಅವರ ಗಿಟಾರನ್ನು ಹಾಲೈನ್ ಎಂಬ ಊರಿನ ವಸ್ತು ಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ. ಆ ರಾತ್ರಿ ಅವರು ಕೈಗೆತ್ತಿಕೊಂಡದ್ದು ತಮ್ಮ ಬಳಿ ಇದ್ದುದನ್ನು.

ಆದಕಾರಣ ಕೂಟದ ಮುಂದೆ ನಮ್ಮ ಸಲಹೆ ಇಷ್ಟು. ಬರುವ ತಿಂಗಳ ಎರಡನೆಯ ಭಾನುವಾರ, ಆರಾಧನೆ ಮುಗಿದ ಮೇಲೆ, ಯಾರ ಯಾರ ಮನೆಯಲ್ಲಿ ಗಿಟಾರು ಇದೆಯೋ ಅವರೆಲ್ಲ ತರಬೇಕು. ತಂತಿ ಹರಿದಿದ್ದರೂ ತನ್ನಿರಿ, ಬಿರಡೆ ಇಲ್ಲದಿದ್ದರೂ ತನ್ನಿರಿ. ಕೆಳಗಿನ ಲೈನಿನ ಬಡಗಿ ಅಣ್ಣ ಬರಲು ಒಪ್ಪಿದ್ದಾರೆ. ಗಾಯನ ಮಂಡಳಿಯ ತಮ್ಮಂದಿರು ತಂತಿ ಹಾಕಿ ಶ್ರುತಿ ಮಾಡಿಕೊಡುತ್ತಾರೆ. ತಂತಿಯ ಖರ್ಚನ್ನು ತಂದವರು ಅರ್ಧ ಕೊಡಲಿ, ಉಳಿದ ಅರ್ಧವನ್ನು ಕೂಟ ಕೊಡಲಿ. ಅಷ್ಟಕ್ಕೆ ತಾಯಂದಿರು ಬೇಡ ಎನ್ನಲಾರರು ಎಂದು ನಂಬಿದ್ದೇವೆ. ಅಂದಿನಿಂದಲೇ ಶನಿವಾರ ಸಂಜೆ ಮಕ್ಕಳಿಗೆ ಮೊದಲ ಮೂರು ಕಾರ್ಡುಗಳನ್ನು ಕಲಿಸೋಣ. ಜಿ, ಸಿ, ಡಿ ಎಂಬ ಈ ಮೂರು ಬಂದರೆ ನಮ್ಮ ಎಷ್ಟೋ ಹಾಡುಗಳು ಬಂದ ಹಾಗೆ.

ಮಂಡಳಿಯ ಗಿಟಾರನ್ನೂ ಅಂದೇ ಬಿಚ್ಚಿ ನೋಡೋಣ. ಸರಿಯಾದರೆ ಈ ಕ್ರಿಸ್ಮಸ್ಸಿಗೆ ಅದೇ ಸಾಕು. ಸರಿಯಾಗದಿದ್ದರೆ ಮನವಿಯನ್ನು ಜನವರಿಯ ಸಭೆಯಲ್ಲಿ ಮತ್ತೆ ತೆಗೆದುಕೊಂಡು, ಬೇರೆಯಾಗಿ ಒಂದು ಡಬ್ಬಿಯಿಟ್ಟು ಅದಕ್ಕಾಗಿಯೇ ಹಣ ಕೂಡಿಸೋಣ. ಔಷಧಿಯ ದುಡ್ಡು, ಪುಸ್ತಕದ ದುಡ್ಡು ಇದ್ದಲ್ಲೇ ಇರಲಿ.

ಯಾರಿಗಾದರೂ ಬೇರೆ ಅಭಿಪ್ರಾಯವಿದ್ದರೆ ಈಗಲೇ ಎದ್ದು ಹೇಳಬೇಕೆಂದು ಕೋರುತ್ತೇವೆ.  ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.